‘ಗ್ಯಾಸ್ ಕಮ್ಮಿ ಇದೆ ಸಾರ್’: ಬೆಂಗಳೂರಿನ ಎಸಿ ಸರ್ವಿಸ್ ಪ್ಯಾಕೇಜ್‌ಗಳಲ್ಲಿ ಯಾವುದು ದುಡ್ಡಿಗೆ ತಕ್ಕದ್ದು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋದ ಮರುದಿನವೇ ಬೆಂಗಳೂರಿನ ಫೋನುಗಳಿಗೆ ಎಸಿ ಸರ್ವಿಸ್ ಆಫರ್‌ಗಳು ಬರತೊಡಗುತ್ತವೆ. ಆ್ಯಪ್‌ನಲ್ಲಿ ಬುಕ್ ಮಾಡಿದರೂ ಏರಿಯಾದ ಅಂಗಡಿಗೆ ಫೋನ್ ಮಾಡಿದರೂ ನಿಮ್ಮ ಮುಂದಿಡುವುದು ಹೆಚ್ಚುಕಡಿಮೆ ನಾಲ್ಕೇ: ಸಾದಾ ಸರ್ವಿಸ್, ಪಂಪಿನ ನೀರಿನಿಂದ ತೊಳೆಯುವ ಜೆಟ್ ಸರ್ವಿಸ್, ಗ್ಯಾಸ್ ಟಾಪ್‌ಅಪ್, ವರ್ಷದ ಎಎಂಸಿ ಅಂದರೆ ನಿರ್ವಹಣೆ ಗುತ್ತಿಗೆ. ಸ್ಪ್ಲಿಟ್ ಎಸಿ ಇರುವ ಮನೆಗೆ ಇವುಗಳಲ್ಲಿ ಕೊಟ್ಟ ದುಡ್ಡಿಗೆ ಸರಿದೂಗುವುದು ಜೆಟ್ ಸರ್ವಿಸ್ ಒಂದೇ. ಗ್ಯಾಸ್ ಟಾಪ್‌ಅಪ್ ಅನ್ನುವುದು ಬಹುಪಾಲು ಗ್ರಾಹಕರ ತಪ್ಪು ತಿಳಿವಳಿಕೆಯ ಮೇಲೆ ನಡೆಯುವ ವ್ಯಾಪಾರ.

ಆ ತಪ್ಪು ತಿಳಿವಳಿಕೆ ಇಷ್ಟೇ: ಸ್ಕೂಟರಿನ ಪೆಟ್ರೋಲ್ ಹಾಗೆ ಎಸಿ ಗ್ಯಾಸ್ ಕೂಡ ಓಡಿದಷ್ಟೂ ಖರ್ಚಾಗುತ್ತದೆ ಅನ್ನುವುದು. ಇದರ ತಮ್ಮನಂಥ ಇನ್ನೊಂದು ನಂಬಿಕೆ ಬೆಂಗಳೂರಿನಲ್ಲೇ ಜಾಸ್ತಿ. ಇಲ್ಲಿ ಎಸಿ ಓಡುವುದು ಮಾರ್ಚ್‌ನಿಂದ ಮೇವರೆಗೆ, ಉಳಿದ ತಿಂಗಳು ಸುಮ್ಮನಿರುತ್ತದೆ, ಆಗ ಗ್ಯಾಸ್ ‘ಆರಿಹೋಗುತ್ತದೆ’ ಅಂತ. ಎರಡೂ ಸುಳ್ಳು. ಗ್ಯಾಸ್ ಇರುವುದು ತಾಮ್ರದ ಪೈಪಿನ ಮುಚ್ಚಿದ ಸುತ್ತಿನೊಳಗೆ. ಒಳಗಿನ ಯೂನಿಟ್‌ನ ಕಾಯಿಲ್‌ನಲ್ಲಿ (ಪೈಪಿನ ಸುರುಳಿಯಲ್ಲಿ) ಆವಿಯಾಗಿ ಕೋಣೆಯ ಶಾಖ ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗಿ ಆ ಶಾಖ ಬಿಡುತ್ತದೆ. ಹತ್ತು ವರ್ಷ ಓಡಿದರೂ ಅಷ್ಟೇ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸೋರುವ ಜಾಗ ಮುಚ್ಚದೆ ಮೇಲೆ ತುಂಬಿಸುವುದು ತೂತುಬಿಂದಿಗೆಗೆ ನೀರು ಹೊಯ್ದಂತೆ.

ಟೆಕ್ನಿಷಿಯನ್ ಗೇಜ್ ತೋರಿಸಿ ‘ನೋಡಿ ಸಾರ್, ಪ್ರೆಶರ್ ಇಲ್ಲ’ ಅಂದಾಗ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಎಸಿ ಆಫ್ ಇದ್ದಾಗಿನ ಪ್ರೆಶರ್‌ನಿಂದ ಗ್ಯಾಸ್ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿರುವ ತನಕ ಆ ಅಂಕಿ ಉಷ್ಣಾಂಶಕ್ಕೆ ತಕ್ಕಂತೆ ಇರುತ್ತದೆ, ಗ್ಯಾಸಿನ ಪ್ರಮಾಣಕ್ಕಲ್ಲ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್32 ಗ್ಯಾಸ್ 25 ಡಿಗ್ರಿಯಲ್ಲಿ ಸುಮಾರು 230 ಪಿಎಸ್ಐ (ಪ್ರೆಶರ್ ಅಳೆಯುವ ಮಾನ) ತೋರಿಸುತ್ತದೆ, 30 ಡಿಗ್ರಿಯಲ್ಲಿ ಸುಮಾರು 265. ಅಡುಗೆ ಸಿಲಿಂಡರ್ ಮುಗಿಯುವ ಹಿಂದಿನ ದಿನವೂ ಒಲೆಯ ಉರಿ ಚೆನ್ನಾಗೇ ಇರುತ್ತದಲ್ಲ, ಇದೂ ಅದೇ ಲೆಕ್ಕ. ಓಡುವಾಗ ನೋಡಿದರೂ ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ತನ್ನ ವೇಗ ಏರಿಸುತ್ತ ಇಳಿಸುತ್ತ ಇರುವುದರಿಂದ ಮುಳ್ಳು ಅಲುಗಾಡುತ್ತದೆ. ಮೊದಲು ಕಂಪ್ರೆಸರ್ ಪೂರ್ತಿ ವೇಗಕ್ಕೆ ಬರುವಂತೆ ಮಾಡಿ ಹದಿನೈದು ನಿಮಿಷ ಓಡಿಸಬೇಕು, ಆಮೇಲೆ ಗೇಜಿನ ಮಾತು.

ಗೇಜಿಗಿಂತ ನಂಬಿಕೆಯ ಸಾಕ್ಷಿ ಮನೆಯಲ್ಲೇ ಸಿಗುತ್ತದೆ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರನ್ನು ಇಂಡೋರ್ ಯೂನಿಟ್‌ನ ಮೇಲ್ಭಾಗದಲ್ಲಿ, ಗಾಳಿ ಒಳಹೋಗುವ ಕಡೆ ಎರಡು ನಿಮಿಷ ಹಿಡಿಯಿರಿ. ಆಮೇಲೆ ಕೆಳಗೆ ತಣ್ಣನೆ ಗಾಳಿ ಬರುವ ಕಡೆ ಹಿಡಿಯಿರಿ. ಪೂರ್ತಿ ವೇಗದಲ್ಲಿ ಓಡುವಾಗ 8ರಿಂದ 12 ಡಿಗ್ರಿ ವ್ಯತ್ಯಾಸ ಸಿಕ್ಕರೆ ಗ್ಯಾಸಿನ ಚಿಂತೆ ಬಿಡಿ. ಕಡಿಮೆ ಇದ್ದರೆ ಮಂಜು ಎಲ್ಲಿ ಕಟ್ಟಿದೆ ನೋಡಿ. ಹೊರಗಿನ ಯೂನಿಟ್‌ಗೆ ಸೇರುವ ತೆಳು ಪೈಪಿನ ವಾಲ್ವ್ ಮೇಲೆ ಬಿಳಿ ಮಂಜು, ಒಳಗಿನ ಕಾಯಿಲ್‌ನ ಒಂದು ಮೂಲೆ ಮಾತ್ರ ತಣ್ಣಗೆ, ಉಳಿದದ್ದು ಬೆಚ್ಚಗೆ ಇದ್ದರೆ ಗ್ಯಾಸ್ ನಿಜಕ್ಕೂ ಕಡಿಮೆ ಇರಬಹುದು. ಕಾಯಿಲ್ ಪೂರ್ತಿ ಮಂಜುಗಟ್ಟಿ ಗಾಳಿಯೇ ಬರುತ್ತಿಲ್ಲವಾದರೆ ಮೊದಲ ಅನುಮಾನ ಫಿಲ್ಟರ್ ಮೇಲೆ, ಇಲ್ಲವೇ ಗಾಳಿ ತಳ್ಳುವ ಫ್ಯಾನ್ ಆದ ಬ್ಲೋವರ್‌ನಲ್ಲಿ ಕೂತ ಧೂಳಿನ ಮೇಲೆ ಇರಲಿ. ಈ ಧೂಳಿನ ತೊಂದರೆಗೂ ಗ್ಯಾಸ್ ಬಿಲ್ ಹಾಕುವವರಿದ್ದಾರೆ.

ನಿಜವಾಗಿ ಸೋರುತ್ತಿದ್ದರೆ? ಮೊದಲು ನೋಡಬೇಕಾದದ್ದು ಪೈಪನ್ನು ಯೂನಿಟ್‌ಗೆ ಬಿಗಿಯುವ ಫ್ಲೇರ್ ನಟ್‌ಗಳು: ಹೊರಗಿನ ವಾಲ್ವ್ ಹತ್ತಿರ ಎರಡು, ಇಂಡೋರ್ ಯೂನಿಟ್ ಹಿಂದೆ ಎರಡು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ ಸೋರುವ ಕಡೆ ಧೂಳು ಅಂಟಿದ ಜಿಡ್ಡು ಕಲೆ ಇರುತ್ತದೆ. ಅದರ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಅಲ್ಲಿ ಸಿಗದಿದ್ದರೆ ಪೈಪಿಗೆ ನೈಟ್ರೋಜನ್ ತುಂಬಿ ಪ್ರೆಶರ್ ಇಳಿಯುತ್ತದೆಯೇ ಅಂತ ಕಾದು ನೋಡಬೇಕು. ರಿಪೇರಿ ಆದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವವನ್ನು 500 ಮೈಕ್ರಾನ್‌ವರೆಗೆ (ನಿರ್ವಾತ ಅಳೆಯುವ ಮಾನ) ಎಳೆಯಬೇಕು. ಪಂಪ್ ತರದೆ ಒಂದಿಷ್ಟು ಗ್ಯಾಸ್ ಬಿಟ್ಟು ಅದರಿಂದಲೇ ಗಾಳಿ ಓಡಿಸುವ ಕಳ್ಳದಾರಿ ಊರೆಲ್ಲ ಇದೆ. ಒಳಗೆ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಕಂಪ್ರೆಸರ್ ಹಾಳಾಗುವುದು ಅಲ್ಲಿಂದ. ಕೊನೆಗೆ ಗ್ಯಾಸ್ ತುಂಬಬೇಕಾದದ್ದು ತೂಕದ ಮೇಲೆ. ಹೊರಗಿನ ಯೂನಿಟ್‌ನ ಬದಿಯ ಸ್ಟಿಕರ್‌ನಲ್ಲಿ ಯಾವ ಗ್ಯಾಸ್, ಎಷ್ಟು ಅಂತ ಬರೆದಿರುತ್ತದೆ. ತಕ್ಕಡಿ ಇಲ್ಲದೆ ಬಂದವನಿಗೆ ಸಿಲಿಂಡರ್ ತೆರೆಯಲು ಬಿಡಬೇಡಿ. ಸ್ಟಿಕರ್‌ನಲ್ಲಿ ಇರುವುದು ಆರ್410ಎ ಆಗಿದ್ದರೆ ಅದು ಎರಡು ಗ್ಯಾಸ್‌ಗಳ ಮಿಶ್ರಣ, ಸಿಲಿಂಡರ್‌ನಿಂದ ದ್ರವವಾಗಿಯೇ ತುಂಬಬೇಕು. ಆರ್32 ಒಂದೇ ಗ್ಯಾಸ್, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣದ್ದು. ಕಿಟಕಿ ತೆರೆದೇ ಕೆಲಸ ಆಗಬೇಕು.

ಇನ್ನು ಜೆಟ್ ಸರ್ವಿಸ್. ಸಾದಾ ಸರ್ವಿಸ್ ಅಂದರೆ ಫಿಲ್ಟರ್ ತೊಳೆದು ಮೇಲೆ ಬಟ್ಟೆ ಆಡಿಸುವುದು. ಅದನ್ನು ನೀವೇ ನಲ್ಲಿ ಕೆಳಗೆ ಹಿಡಿದು ಐದು ನಿಮಿಷದಲ್ಲಿ ಮಾಡಬಹುದು, ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮಾಡಲೂಬೇಕು. ಜೆಟ್‌ನಲ್ಲಿ ಪಂಪಿನ ನೀರು ಕಾಯಿಲ್‌ನ ರೆಕ್ಕೆಗಳ ಸಂದಿಗೆ ಹೋಗುತ್ತದೆ. ಮೆಟ್ರೋ ಕೆಲಸ, ಕಟ್ಟಡ ಕೆಲಸ ಮುಗಿಯದ ಈ ಊರಿನ ಸಣ್ಣ ಧೂಳು ಕೂರುವುದು ಅಲ್ಲೇ. ಒಳ್ಳೆಯ ಹುಡುಗ ಮಾಡುವ ಕ್ರಮ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಂಸಿಬಿ ಆಫ್ ಮಾಡುತ್ತಾನೆ, ಬಲಬದಿಯ ಎಲೆಕ್ಟ್ರಾನಿಕ್ ಬೋರ್ಡಿಗೆ ಪ್ಲಾಸ್ಟಿಕ್ ಸುತ್ತುತ್ತಾನೆ, ಯೂನಿಟ್ ಕೆಳಗೆ ಚೀಲ ಕಟ್ಟುತ್ತಾನೆ, ರೆಕ್ಕೆಗಳು ಬಾಗದಂತೆ ನೀರನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಬಿಡುತ್ತಾನೆ. ಉದ್ದನೆಯ ಬ್ಲೋವರ್ ಸಿಲಿಂಡರನ್ನು ಕೈಯಿಂದ ತಿರುಗಿಸುತ್ತ ಒಂದೊಂದು ಎಸಳಿಗೂ ನೀರು ಹೊಡೆಯುತ್ತಾನೆ. ಚೀಲದಿಂದ ಬಕೆಟ್ಟಿಗೆ ಇಳಿಯುವ ನೀರು ಮೊದಲು ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣದಲ್ಲಿ ಬಂದು, ಕೊನೆಗೆ ತಿಳಿಯಾಗಬೇಕು. ಬ್ಲೋವರ್ ಬಿಟ್ಟು ಕಾಯಿಲ್ ಮಾತ್ರ ತೊಳೆದರೆ ಅರ್ಧ ಕೆಲಸ. ಕಡುವಾದ ಆಸಿಡ್ ಕ್ಲೀನರ್ ಬೇಡ ಅನ್ನಿ, ಅಲ್ಯೂಮಿನಿಯಂ ತಿನ್ನುತ್ತದೆ. ಹೊರಗಿನ ಯೂನಿಟ್ ತೊಳೆಯದೆ ಹೊರಟರೆ ಕರೆದು ನಿಲ್ಲಿಸಿ. ಶಾಖ ಹೊರಹೋಗಬೇಕಾದ ದಾರಿಯೇ ಅದು.

ಒಳಗಿನಿಂದ ನೀರು ತೊಟ್ಟಿಕ್ಕುವುದು ಇನ್ನೊಂದು ಸಾಮಾನ್ಯ ದೂರು. ಅದಕ್ಕೆ ‘ಡ್ರೈನ್ ಬ್ಲಾಕ್’ ಅಂತ ಬೇರೆ ಬಿಲ್ ಬರುತ್ತದೆ. ಕೆಲವೊಮ್ಮೆ ಕಾರಣ ಬಾಲ್ಕನಿಯಲ್ಲೇ ಕಾಣುತ್ತದೆ: ಗಿಡಕ್ಕೆ ಹಾಕೋಣ ಅಂತ ಪೈಪಿನ ತುದಿ ಬಕೆಟ್ ನೀರಿನೊಳಗೆ ಮುಳುಗಿಸಿಟ್ಟಿರುತ್ತಾರೆ. ಗಾಳಿ ಸಿಕ್ಕಿಕೊಂಡು ನೀರು ಇಳಿಯದೆ ಟ್ರೇ ತುಂಬಿ ಕೋಣೆಗೇ ಬೀಳುತ್ತದೆ. ತುದಿ ನೀರಿಗಿಂತ ಮೇಲಿರಲಿ, ಸಾಕು. ಗಿಡಕ್ಕೆ ಆ ನೀರು ಧಾರಾಳವಾಗಿ ಹಾಕಬಹುದು.

ಎಎಂಸಿ ವಿಷಯ ಬೇಗ ಮುಗಿಸಬಹುದು. ವರ್ಷಕ್ಕೆ ಮೂರು ಸರ್ವಿಸ್ ಅನ್ನುವುದು ಹತ್ತು ತಿಂಗಳು ಎಸಿ ಓಡುವ ಊರಿಗೆ ಸರಿ. ಇಲ್ಲಿ ಫೆಬ್ರವರಿಯಲ್ಲಿ ಒಂದು ಜೆಟ್ ಸರ್ವಿಸ್ ಮಾಡಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹದಿನೈದು ನಿಮಿಷ ಓಡಿಸಿದರೆ ಸಾಕು. ಹಿಂದಿನಿಂದ ನಡೆದುಬಂದ ‘16ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತೆ’ ಅನ್ನುವ ಸಲಹೆಯನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ಕೋಣೆ 32 ಡಿಗ್ರಿ ಇರುವಾಗ 24ಕ್ಕೆ ಇಟ್ಟರೂ ಕಂಪ್ರೆಸರ್ ಮೊದಲು ತನ್ನ ಶಕ್ತಿ ಪೂರ್ತಿ ಹಾಕಿಯೇ ಓಡುತ್ತದೆ. 16 ಅಂದರೆ ನಿಲ್ಲುವುದು ತಡ, ಅಷ್ಟೇ. ದೇಶದಲ್ಲಿ ಮಾರುವ ಸ್ಟಾರ್ ಲೇಬಲ್ ಎಸಿಗಳಿಗೆ 2020ರ ಜನವರಿಯಿಂದ 24 ಡಿಗ್ರಿಯೇ ಮೊದಲ ಸೆಟ್ಟಿಂಗ್ ಆಗಿರುವುದು ಸುಮ್ಮನಲ್ಲ.

ಇದೇ ಹುಡುಗರು ‘ಗೀಸರ್ ಸರ್ವಿಸೂ ಮಾಡಿಬಿಡ್ಲಾ ಮೇಡಂ’ ಅಂತ ಕೇಳುತ್ತಾರೆ. ಬೋರ್‌ವೆಲ್ ನೀರಿನ ಮನೆಯಾದರೆ ಹೂಂ ಅನ್ನಬಹುದು. ಎಲಿಮೆಂಟ್ ಮೇಲೆ ಕಟ್ಟಿದ ಸುಣ್ಣದ ಪದರ ತೆಗೆಸಿ, ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಷಿಯಂ ಆನೋಡ್ ರಾಡ್ ಹೊರಗೆ ತೆಗೆದು ತೋರಿಸಲು ಹೇಳಿ. ಸವೆದು ಒಳಗಿನ ತಂತಿ ಕಂಡರೆ ಬದಲಾಯಿಸಲೇಬೇಕು, ಇಲ್ಲವಾದರೆ ಮುಂದೆ ತುಕ್ಕು ತಿನ್ನುವುದು ಟ್ಯಾಂಕನ್ನು. ಕಾವೇರಿ ನೀರಷ್ಟೇ ಬರುವ ಮನೆಗೆ ಇದು ಪ್ರತಿ ವರ್ಷ ಬೇಕಿಲ್ಲ. ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುತ್ತದೆ ಅನ್ನುವುದಂತೂ ಲೆಕ್ಕಕ್ಕೆ ನಿಲ್ಲದ ಮಾತು: 25 ಲೀಟರ್ ನೀರನ್ನು 22ರಿಂದ 55 ಡಿಗ್ರಿಗೆ ಏರಿಸಲು ಒಂದು ಯೂನಿಟ್‌ಗಿಂತ ಚೂರು ಕಡಿಮೆ ಸಾಕು, 2 ಕಿಲೋವ್ಯಾಟ್ ಎಲಿಮೆಂಟ್‌ಗೆ ಅದು ಅರ್ಧ ಗಂಟೆಯ ಕೆಲಸ.

ಬುಕ್ ಮಾಡುವ ಮೊದಲು ಫೋನಿನಲ್ಲೇ ಕೇಳಬೇಕಾದ್ದು ಎರಡು: ‘ಬ್ಲೋವರ್ ಮತ್ತು ಔಟ್‌ಡೋರ್ ಎರಡೂ ತೊಳೀತೀರಾ? ಗ್ಯಾಸ್ ಹಾಕಿದ್ರೆ ಎಷ್ಟು ಗ್ರಾಂ ಅಂತ ಬಿಲ್‌ನಲ್ಲಿ ಬರೀತೀರಾ?’ ಎರಡನೆಯದಕ್ಕೆ ‘ಅದೆಲ್ಲಾ ಬಂದ್ಮೇಲೆ ನೋಡೋಣ ಸಾರ್’ ಅನ್ನುವ ಉತ್ತರ ಬಂದರೆ ಬೇರೆ ನಂಬರ್ ಹುಡುಕಿ. ಎಸಿ ಇನ್ನೂ ಕಂಪ್ರೆಸರ್ ವಾರಂಟಿಯಲ್ಲಿದ್ದರೆ ಗ್ಯಾಸಿನ ಕೆಲಸಕ್ಕೆ ಕಂಪನಿಯವರನ್ನೇ ಕರೆಸಿ. ಹೊರಗಿನವರು ಪೈಪ್ ಬಿಚ್ಚಿದ್ದಾರೆ ಅಂತ ಗೊತ್ತಾದರೆ ವಾರಂಟಿ ಕಾರ್ಡ್ ತೋರಿಸಿ ಪ್ರಯೋಜನ ಆಗದೆ ಹೋಗಬಹುದು.