ಓಪನ್‌ಟ್ರ್ಯಾಕ್ ಜೊತೆ ಮೂರು ವರ್ಷ: ವೆಬ್‌ಕ್ಯಾಮ್‌ನಿಂದ ಮೂರು ಎಲ್‌ಇಡಿಗಳವರೆಗೆ

ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಏರಿ, ಬೆಂಗಳೂರಿನ ಜಕ್ಕೂರು ವಿಮಾನನೆಲೆಯಲ್ಲಿ ಎಡ ಸರ್ಕ್ಯೂಟ್ (ರನ್‌ವೇ ಸುತ್ತ ಎಡಕ್ಕೇ ತಿರುಗುತ್ತಾ ಹಾಕುವ ಸುತ್ತು) ಹಾರಿಸಿದವರಿಗೆ ಗೊತ್ತು: ಇಳಿಯುವ ಮುನ್ನ ಎಡಕ್ಕೆ ತಿರುಗಬೇಕಾದ ಹೊತ್ತಿಗೆ ರನ್‌ವೇ ಎಡ ಭುಜದ ಹಿಂದಕ್ಕೆ ಸರಿದಿರುತ್ತದೆ. ಜಾಯ್‌ಸ್ಟಿಕ್ ಗುಂಡಿಯಿಂದ ನೋಟವನ್ನು ಅತ್ತ ತಿರುಗಿಸಿ ಮತ್ತೆ ಮುಂದಕ್ಕೆ ತರುವಷ್ಟರಲ್ಲಿ ವೇಗ ತಪ್ಪಿರುತ್ತದೆ. ನಿಜವಾದ ಪೈಲಟ್ ಕತ್ತು ಹೊರಳಿಸುತ್ತಾನೆ, ಅಷ್ಟೇ. ನನಗೆ ಬೇಕಾಗಿದ್ದದ್ದೂ ಅದೇ: ತಲೆ ತಿರುಗಿಸಿದರೆ ಆಟದ ನೋಟವೂ ತಿರುಗುವ ಹೆಡ್ ಟ್ರ್ಯಾಕಿಂಗ್.

ಇದಕ್ಕೆಂದೇ ಮಾಡಿದ ಹೆಸರುವಾಸಿ ಕ್ಯಾಮೆರಾ ಟ್ರ್ಯಾಕ್‌ಐಆರ್ 5 ಸೆಕೆಂಡಿಗೆ 120 ಚಿತ್ರ ಹಿಡಿಯುತ್ತದೆ. ಆದರೆ ಇಲ್ಲಿಗೆ ತರಿಸಲು ಹತ್ತು ಸಾವಿರ ರೂಪಾಯಿ ಸಾಲದು. ಅದೇ ಕೆಲಸ ಮಾಡುವ ಓಪನ್‌ಟ್ರ್ಯಾಕ್ ತಂತ್ರಾಂಶ ಪೂರ್ತಿ ಉಚಿತ. ಅದರ ನ್ಯೂರಲ್‌ನೆಟ್ ಆಯ್ಕೆ ಸಾಮಾನ್ಯ ವೆಬ್‌ಕ್ಯಾಮ್‌ನಲ್ಲೇ ಮುಖವನ್ನು ಗುರುತಿಸಿ ತಲೆಯ ಚಲನೆಯನ್ನು ಆಟಕ್ಕೆ ದಾಟಿಸುತ್ತದೆ. ಮೊದಲ ವರ್ಷವಿಡೀ ನಾನು ಹಾರಿಸಿದ್ದು ಹೀಗೆಯೇ, ಒಂದು ಪೈಸೆ ಖರ್ಚಿಲ್ಲದೆ.

ಇಲ್ಲಿ ನಿರ್ಣಾಯಕವಾದದ್ದು ಬೆಳಕು. ಕೋಣೆ ಮಬ್ಬಾಗಿದ್ದರೆ ಕ್ಯಾಮೆರಾ ತಾನಾಗಿಯೇ ಚಿತ್ರಗಳ ವೇಗವನ್ನು ಇಳಿಸುತ್ತದೆ. ಆಗ ತಲೆ ತಿರುಗಿದ ಮೇಲೆ ನೋಟ ತಡವಾಗಿ ಹಿಂಬಾಲಿಸುತ್ತದೆ. ತಂತ್ರಾಂಶವನ್ನು ದೂರುವ ಮೊದಲು ಮುಖದ ಮುಂದೆ ಒಂದು ಟೇಬಲ್ ಲ್ಯಾಂಪ್ ಇಡಿ, ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಹೊಂದಿಕೊಳ್ಳುವ ಆಟೋ ಎಕ್ಸ್‌ಪೋಷರ್ ತೆಗೆದುಹಾಕಿ. ಮೊಬೈಲ್ ಕ್ಯಾಮೆರಾ ಬಳಸಿ ವೈಫೈ ಮೂಲಕ ಓಪನ್‌ಟ್ರ್ಯಾಕ್‌ಗೆ ಮಾಹಿತಿ ಕಳಿಸುವ ಆ್ಯಪ್‌ಗಳೂ ಇವೆ. ಚಲನೆ ನಯವಾಗಿತ್ತು, ಆದರೆ ಒಂದು ಗಂಟೆಯ ಹಾರಾಟಕ್ಕೆ ಫೋನ್ ಕಾದುಹೋಗುತ್ತಿದ್ದುದರಿಂದ ಬಿಟ್ಟೆ.

ಎರಡು ವರ್ಷಗಳಿಂದ ಬಳಸುತ್ತಿರುವುದು ಪ್ಲೇಸ್ಟೇಷನ್ 3 ಆಟದ ಯಂತ್ರಕ್ಕೆಂದು ಬಂದಿದ್ದ ಹಳೆಯ ಪಿಎಸ್‌3 ಐ ಕ್ಯಾಮೆರಾ ಮತ್ತು ಹೆಡ್‌ಫೋನ್‌ಗೆ ಸಿಕ್ಕಿಸಿದ ಮೂರು ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿಗಳು. ಎಲ್‌ಇಡಿ, ರೆಸಿಸ್ಟರ್, ಯುಎಸ್‌ಬಿ ತಂತಿ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕವು. ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ತಡೆಯುವ ಗಾಜನ್ನು ತೆಗೆದು, ಉಳಿದ ಬೆಳಕನ್ನು ತಡೆಯಲು ಹಳೆಯ ಫ್ಲಾಪಿ ಡಿಸ್ಕ್‌ನ ಒಳಗಿನ ಕಪ್ಪು ಹಾಳೆಯ ತುಂಡನ್ನು ಮುಂದೆ ಅಂಟಿಸಿದೆ. ಈಗ ಅದಕ್ಕೆ ಕಾಣುವುದು ಮೂರು ಬಿಳಿ ಚುಕ್ಕೆಗಳು ಮಾತ್ರ, ಅವುಗಳ ಚಲನೆಯಿಂದಲೇ ಓಪನ್‌ಟ್ರ್ಯಾಕ್ ತಲೆ ಎತ್ತ ತಿರುಗಿತೆಂದು ಲೆಕ್ಕ ಹಾಕುತ್ತದೆ. 640x480 ಅಳತೆಯಲ್ಲಿ ಸೆಕೆಂಡಿಗೆ 60 ಚಿತ್ರ. ಕತ್ತಲೆ ಕೋಣೆಯಲ್ಲೂ ಕೆಲಸ ಮಾಡುತ್ತದೆ, ಕನ್ನಡಕದ ಚಿಂತೆಯಿಲ್ಲ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಹಗಲು ಕಿಟಕಿಯ ಪರದೆ ಎಳೆಯಲೇಬೇಕು.

ಯಾವ ಕ್ಯಾಮೆರಾ ಆದರೂ, ಒಂದು ಸಂಜೆಯನ್ನು ಮ್ಯಾಪಿಂಗ್ ರೇಖೆಗಳಿಗೆ ಮೀಸಲಿಡಿ. ತಲೆ ಎಷ್ಟು ತಿರುಗಿದರೆ ಆಟದ ನೋಟ ಎಷ್ಟು ತಿರುಗಬೇಕು ಎಂದು ಹೇಳುವ ರೇಖೆಗಳಿವು. ಕಣ್ಣು ಮಾನಿಟರ್ ಮೇಲೇ ಇರಬೇಕಾದ್ದರಿಂದ ತಲೆಯನ್ನು ಹೆಚ್ಚು ತಿರುಗಿಸಲಾಗದು. ನನ್ನಲ್ಲಿ 30 ಡಿಗ್ರಿ ತಿರುಗಿಸಿದರೆ ಆಟದಲ್ಲಿ ನೋಟ 140 ಡಿಗ್ರಿ ತಿರುಗುತ್ತದೆ. ನಡುವಿನ ನಾಲ್ಕೈದು ಡಿಗ್ರಿಗಳಲ್ಲಿ ರೇಖೆಯನ್ನು ಬಹುತೇಕ ಚಪ್ಪಟೆಯಾಗಿ ಇಟ್ಟಿದ್ದೇನೆ. ಇಲ್ಲದಿದ್ದರೆ ಉಸಿರಾಡಿದರೂ ಮುಂದಿನ ಉಪಕರಣಗಳು ನಡುಗುತ್ತವೆ. ತಲೆ ಪಕ್ಕಕ್ಕೆ ವಾಲುವ ಅಕ್ಷವನ್ನು ಪೂರ್ತಿ ನಿಲ್ಲಿಸಿದ್ದೇನೆ, ತಲೆಸುತ್ತು ಅಲ್ಲಿಗೇ ನಿಂತಿತು. ನೋಟವನ್ನು ಮತ್ತೆ ನಡುವಿಗೆ ತರುವ ಗುಂಡಿಯನ್ನು ಜಾಯ್‌ಸ್ಟಿಕ್‌ನಲ್ಲೇ ಇಟ್ಟುಕೊಳ್ಳಿ.

ಎಕ್ಸ್‌ಪ್ಲೇನ್ ಮತ್ತು ಡಿಸಿಎಸ್ ಎಂಬ ವಿಮಾನ ಸಿಮ್ಯುಲೇಟರ್‌ಗಳಲ್ಲಿ ಇದಿಲ್ಲದೆ ಹಾರಲು ಈಗ ಮನಸ್ಸೇ ಬರುವುದಿಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಕೂಡುರಸ್ತೆಗೆ ಬಂದಾಗ ಮುಂದಕ್ಕೆ ಬಾಗಿ ಮುಂಗಾಜಿನ ಪಕ್ಕದ ಕಂಬದಾಚೆ ಇಣುಕಿ ನೋಡುವುದೇ ಒಂದು ಸುಖ. ಕಾರ್ ರೇಸಿಂಗ್‌ನಲ್ಲಿ ಮಾತ್ರ ನನಗೆ ಅಷ್ಟು ಉಪಯೋಗ ಕಾಣಲಿಲ್ಲ.

ಎಲ್‌ಇಡಿಗಳನ್ನು ನೀವೇ ಕಟ್ಟಿಕೊಳ್ಳುವುದಾದರೆ ಅದರ ತಂತಿಯನ್ನು ಹೆಡ್‌ಫೋನ್ ತಂತಿಯ ಜೊತೆಯಲ್ಲೇ ಸುತ್ತಿ ಬಿಗಿಯಿರಿ. ನನ್ನದು ಎರಡು ಸಲ ಬೆಸುಗೆ ಬಿಟ್ಟಿತ್ತು, ಹಾಗೆ ಬಿಗಿದ ಮೇಲೆ ಬಿಟ್ಟಿಲ್ಲ.