ಕೌದಿ ಉಳಿಸಿದ ಬಾಟಲಿ, ಬೆಕ್ಕನ್ನು ಕೆಡಿಸಿದ ಸುಗಂಧ

ನಮ್ಮ ಕುಂದಾ ಮೂರು ವರ್ಷದ ಗಂಡು ಬೆಕ್ಕು. ಮೈಬಣ್ಣ ನೋಡಿ ಇಟ್ಟ ಹೆಸರು, ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷ ತಪ್ಪದೆ ಟ್ರೇಯಲ್ಲೇ ಉಚ್ಚೆ ಹೊಯ್ಯುತ್ತಿದ್ದವನು ಈ ಜುಲೈನಲ್ಲಿ ಅತ್ತೆಯವರ ಕೌದಿಯ ಮೇಲೆ ಕುಳಿತುಬಿಟ್ಟ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವರೇ ಕೈಯಲ್ಲಿ ಹೊಲಿದ ಕೌದಿ ಅದು. ತೊಳೆದರೆ ಒಣಗಲು ಬಿಸಿಲೆಲ್ಲಿದೆ? ಸಾಬೂನು ಹಾಕಿದೆ, ಮಂಚದ ಕೆಳಗಿನ ಶಹಾಬಾದ್ ಕಲ್ಲಿಗೆ ಫಿನೈಲ್ ಸುರಿದೆ. ಮೂರನೆಯ ದಿನ ಅವನು ಮತ್ತೆ ಅಲ್ಲಿಯೇ ಕುಳಿತ.

ಮೊದಲು ಪಶುವೈದ್ಯರಲ್ಲಿಗೆ ಹೋದೆವು. ಮೂತ್ರದಲ್ಲಿ ಸೋಂಕೂ ಇಲ್ಲ, ಹರಳೂ ಇಲ್ಲ ಎಂದರು. ಗಂಡು ಬೆಕ್ಕು ಮತ್ತೆ ಮತ್ತೆ ಮುಕ್ಕರಿದರೂ ಉಚ್ಚೆ ಬಾರದಿದ್ದರೆ ಮಾತ್ರ ಮರುದಿನಕ್ಕೆ ಕಾಯಬೇಡಿ, ಜೀವಕ್ಕೇ ಅಪಾಯ ಎಂದು ಎಚ್ಚರಿಸಿದರು.

ಆಮೇಲೆ ಕೊಂಡದ್ದು, ಉಚ್ಚೆಯ ನಾತದ ಅಂಶವನ್ನೇ ಒಡೆದುಹಾಕುವ ಅರ್ಧ ಲೀಟರಿನ ಎನ್‌ಜೈಮ್ ದ್ರಾವಣ. ವಾಸನೆಯ ಮಟ್ಟಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೆಕ್ಕಿನ ಉಚ್ಚೆಯಲ್ಲಿ ನಾರುವ ಅಂಶ ಸಾಬೂನು ನೀರಿಗೆ ಸುಲಭವಾಗಿ ಹೋಗುವುದಿಲ್ಲ. ಒಳಗೇ ಕುಳಿತು, ಗಾಳಿಯಲ್ಲಿ ತೇವ ಹೆಚ್ಚಿದಾಗ ಮತ್ತೆ ನಾರುತ್ತದೆ. ನಮ್ಮೂರಿನ ಮಳೆಗಾಲವೆಂದರೆ ದಿನವೂ ನಾರುತ್ತದೆ ಎಂದೇ ಅರ್ಥ. ಆದರೆ ಬಾಟಲಿಯ ಮೇಲೆ ಬರೆದಂತೆ ಸಿಂಪಡಿಸಿ ಹತ್ತು ನಿಮಿಷಕ್ಕೆ ಒರೆಸಿದರೆ ಕೌದಿಗೆ ಏನೂ ಆಗಲಿಲ್ಲ. ಉಚ್ಚೆ ಎಷ್ಟು ಪದರ ಇಳಿದಿದೆಯೋ ದ್ರಾವಣವೂ ಅಷ್ಟು ಇಳಿಯಬೇಕಲ್ಲ! ಎರಡನೆಯ ಸಲ ಸಾಬೂನಿನ ಅಂಶ ಹೋಗುವಷ್ಟು ಬರೀ ನೀರಿನಲ್ಲಿ ಜಾಲಿಸಿ, ಅರ್ಧ ಬಾಟಲಿ ಸುರಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ನಾಲ್ಕು ದಿನ ಫ್ಯಾನಿನ ಕೆಳಗೆ ಒಣಗಿತು. ಅತ್ತೆಯವರು ಮೂಸಿ ನೋಡಿ ಏನೂ ಅನ್ನಲಿಲ್ಲ. ಅವರ ಲೆಕ್ಕದಲ್ಲಿ ಅದು ಹೊಗಳಿಕೆ. ಸಿಂಪಡಿಸುವ ಮೂತಿ ವಾರದೊಳಗೆ ಮುರಿಯಿತು, ಸೂಚನೆಯ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು.

ನನ್ನ ನಿಜವಾದ ತಕರಾರು ಬೇರೆ. 'ಬೆಕ್ಕಿನ ದುರಭ್ಯಾಸ ಬಿಡಿಸುತ್ತದೆ' ಎಂದು ಬಾಟಲಿಯ ಮೇಲಿದೆ. ದುರಭ್ಯಾಸ ಯಾರದ್ದು? ಜೂನ್ ಕೊನೆಯಲ್ಲಿ ಹಳೆಯ ಲಿಟರ್, ಅಂದರೆ ಟ್ರೇಗೆ ಹಾಕುವ ಮಣ್ಣು, ಸಿಗಲಿಲ್ಲವೆಂದು ಲ್ಯಾವೆಂಡರ್ ಸುಗಂಧದ ಐದು ಕಿಲೋ ಚೀಲ ತಂದವಳು ನಾನು. ಮನೆ ನಾರಬಾರದೆಂದು ಮುಚ್ಚಳದ ಟ್ರೇ ತಂದವರು ನಮ್ಮ ಯಜಮಾನರು. ನಮ್ಮ ಮೂಗಿಗೇ ತಲೆನೋವು ತರಿಸುವ ಆ ಪರಿಮಳ, ಮುಚ್ಚಿದ ಡಬ್ಬಿಯೊಳಗೆ ಬೆಕ್ಕಿನ ಮೂಗಿಗೆ ಹೇಗಿದ್ದೀತು! ಕೌದಿಯಾದರೂ ಮೆತ್ತಗಿತ್ತು, ಅಗರಬತ್ತಿಯಂತೆ ನಾತ ಬಡಿಯುತ್ತಿರಲಿಲ್ಲ.

ತಿಲಕವಾಡಿಯ ಅಂಗಡಿಯೊಂದರಲ್ಲಿ ವಾಸನೆಯಿಲ್ಲದ, ಉಚ್ಚೆ ಬಿದ್ದಲ್ಲಿ ಉಂಡೆಗಟ್ಟುವ ಬೆಂಟೋನೈಟ್ ಜೇಡಿಮಣ್ಣಿನ ಲಿಟರ್ ಸಿಕ್ಕಿತು. ಮುಚ್ಚಳ ತೆಗೆದು, ಎರಡೂವರೆ ಅಂಗುಲ ದಪ್ಪಕ್ಕೆ ಹರಡಿ, ಮಲಗುವ ಕೋಣೆಯ ಹತ್ತಿರ ಇನ್ನೊಂದು ಟ್ರೇಯನ್ನೂ ಇಟ್ಟೆ. ದಿನಕ್ಕೆರಡು ಸಲ ಉಂಡೆ ಎತ್ತುತ್ತೇನೆ. ಮೊದಲ ರಾತ್ರಿಯೇ ಕೆರೆಯುವ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದೆ, ನಾಚಿಕೆಯಿಲ್ಲದೆ ಟಾರ್ಚ್ ಬಿಟ್ಟು. ಅಂದಿನಿಂದ ತಪ್ಪಿಲ್ಲ.

ಹಾಗಾಗಿ ದ್ರಾವಣಕ್ಕೆ ಐದಕ್ಕೆ ಮೂರೂವರೆ ಅಂಕ, ಮೂತಿಗೆ ಸೊನ್ನೆ. ದೊಡ್ಡ ಕ್ಯಾನಿನಲ್ಲಿ ಸಿಕ್ಕರೆ ಮತ್ತೆ ಕೊಳ್ಳುತ್ತೇನೆ. ಲ್ಯಾವೆಂಡರಿನ ಉಳಿದರ್ಧ ಚೀಲ ಈಗ ಸ್ಕೂಟರಿನ ಕೆಳಗೆ ಸೋರಿದ ಎಣ್ಣೆ ಹೀರುತ್ತಿದೆ. ಆ ಕೆಲಸಕ್ಕೆ ಚೆನ್ನಾಗಿದೆ.