ಎಫ್12, ಆಲ್ಟ್ ಮೈನಸ್, ಕಂಟ್ರೋಲ್ ಟಿ: ಡೆಫಿನಿಷನ್‌ಗೆ ಹೋಗಿ ವಾಪಸ್ ಬರುವ ಲೆಕ್ಕ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ನಾವು ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬರೆಯುವುದು ಪೈಥಾನ್ ಭಾಷೆಯಲ್ಲಿ, ಅದರ ಜಾಂಗೋ ಅನ್ನುವ ಫ್ರೇಮ್‌ವರ್ಕ್ ಮೇಲೆ. ಕೋಡ್ ಹಳೆಯದು, ಹಲವರ ಕೈ ದಾಟಿ ಬಂದದ್ದು. ಇಂಥ ಕಡೆ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಹೊಸಬರು ಕೂತಲ್ಲಿಂದಲೇ "ಸರ್, ಈ ಫಂಕ್ಷನ್ ಎಲ್ಲಿಂದ ಬಂತ್ರೀ?" ಅಂತ ಕೇಳುತ್ತಲೇ ಇರುತ್ತಾರೆ. ಅದು ಎಲ್ಲಿ ಹುಟ್ಟಿದೆ, ಅಂದರೆ ಅದರ ಡೆಫಿನಿಷನ್ ಎಲ್ಲಿದೆ ಅಂತ ನೋಡಬೇಕು, ನೋಡಿ ಮತ್ತೆ ಬಿಟ್ಟ ಸಾಲಿಗೇ ಬರಬೇಕು. ಈ ಓಡಾಟಕ್ಕೆ ವಿಎಸ್ ಕೋಡ್, ಸಬ್ಲೈಮ್ ಟೆಕ್ಸ್ಟ್, ವಿಮ್ ಅನ್ನುವ ಮೂರು ಕೋಡ್ ಎಡಿಟರ್‌ಗಳನ್ನೂ ಇದೇ ಕೋಡಿನ ಮೇಲೆ ಬಳಸಿದ್ದೇನೆ. ಹೋಗುವ ಶಾರ್ಟ್‌ಕಟ್ ಮೂರರಲ್ಲೂ ಚೆನ್ನಾಗಿದೆ. ವ್ಯತ್ಯಾಸ ಇರುವುದು ವಾಪಸ್ ಬರುವುದರಲ್ಲಿ. ಎಡಿಟರ್ ಆರಿಸುವಾಗ ಅದನ್ನೇ ಮೊದಲು ನೋಡಿ ಅಂತ ನನ್ನ ಮಾತು.

ವಿಎಸ್ ಕೋಡ್‌ನಲ್ಲಿ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್12 ಒತ್ತಿದರೆ ಡೆಫಿನಿಷನ್‌ಗೆ ಹೋಗುತ್ತದೆ. ಶಿಫ್ಟ್ ಎಫ್12 ಒತ್ತಿದರೆ ಆ ಹೆಸರನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ತೋರಿಸುತ್ತದೆ. ನನಗೆ ತುಂಬಾ ಹಿಡಿಸಿದ್ದು ಪೀಕ್. ಇದ್ದ ಜಾಗದಲ್ಲೇ ಒಂದು ಸಣ್ಣ ಕಿಂಡಿ ತೆರೆದು ಡೆಫಿನಿಷನ್ ತೋರಿಸುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಎಲ್ಲಿಗೂ ಹೋಗದಿದ್ದರೆ ವಾಪಸ್ ಬರುವ ಚಿಂತೆಯೇ ಇಲ್ಲ, ಅಲ್ವಾ? ವಿಂಡೋಸ್‌ನಲ್ಲಿ ಇದಕ್ಕೆ ಆಲ್ಟ್ ಎಫ್12, ಉಬುಂಟುವಿನಲ್ಲಿ ಕಂಟ್ರೋಲ್ ಶಿಫ್ಟ್ ಎಫ್10. ನಮ್ಮಲ್ಲಿ ಎರಡೂ ಥರದ ಯಂತ್ರಗಳಿವೆ. ಒಂದರಲ್ಲಿ ರೂಢಿಯಾದ ಬೆರಳು ಇನ್ನೊಂದರಲ್ಲಿ ತಡವರಿಸುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಒತ್ತಲು ಜೊತೆಗೆ ಎಫ್ಎನ್ ಕೀ ಕೂಡ ಹಿಡಿಯಬೇಕು, ಅದೂ ಒಂದು ಕಿರಿಕಿರಿ.

ವಾಪಸ್ ಬರಲು ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಎಡ ಬಾಣ, ಉಬುಂಟುವಿನಲ್ಲಿ ಕಂಟ್ರೋಲ್ ಆಲ್ಟ್ ಮೈನಸ್. ತೊಂದರೆ ಏನೆಂದರೆ ಇದು ಕರ್ಸರ್ ನಿಂತ ಬೇರೆ ಜಾಗಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಡೆಫಿನಿಷನ್‌ಗೆ ಹೋದ ಮೇಲೆ ಆ ಫೈಲಿನಲ್ಲಿ ಮೇಲೆ ಕೆಳಗೆ ಓಡಾಡಿದರೆ, ಹೊರಟ ಸಾಲಿಗೆ ಮುಟ್ಟಲು ಸುಮ್ನೆ ಹಲವು ಸಲ ಒತ್ತುತ್ತಾ ಇರಬೇಕು. ಇದಕ್ಕೆ ಮದ್ದು ಒಳಗೇ ಇದೆ. 'ಗೋ ಬ್ಯಾಕ್ ಇನ್ ನ್ಯಾವಿಗೇಷನ್ ಲೊಕೇಶನ್ಸ್' ಅನ್ನುವ ಕಮಾಂಡ್ ಡೆಫಿನಿಷನ್‌ಗೆ ಹೋದಂಥ ಜಿಗಿತಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕೆ ಯಾವ ಕೀಯನ್ನೂ ಕೊಟ್ಟಿರುವುದಿಲ್ಲ. ಕಂಟ್ರೋಲ್ ಕೆ, ಕಂಟ್ರೋಲ್ ಎಸ್ ಒತ್ತಿ ಶಾರ್ಟ್‌ಕಟ್ ಪಟ್ಟಿ ತೆರೆದು ನಾವೇ ಕೊಟ್ಟುಕೊಳ್ಳಬೇಕು. ಇಂಟರ್ನ್‌ಶಿಪ್‌ಗೆ ಬರುವ ಹುಡುಗರ ಯಂತ್ರದಲ್ಲಿ ಮೊದಲ ದಿನವೇ ಇದನ್ನು ಹಾಕಿಸುತ್ತೇನೆ.

ಸಬ್ಲೈಮ್ ಹಗುರ, ಹಳೆಯ ಯಂತ್ರದಲ್ಲೂ ಚುರುಕು. ಹೋಗಲು ಎಫ್12, ಬರಲು ಆಲ್ಟ್ ಮೈನಸ್. ಕಂಟ್ರೋಲ್ ಆರ್ ಒತ್ತಿ ಫಂಕ್ಷನ್ ಹೆಸರಿನ ಮೊದಲ ಅಕ್ಷರಗಳನ್ನು ಹೊಡೆಯುತ್ತಿದ್ದಂತೆ ಪುಟವೇ ಅಲ್ಲಿಗೆ ಸರಿಯುತ್ತದೆ, ಅದು ಬಹಳ ಚಂದ. ಆದರೆ ಬೇರೆ ಪ್ಯಾಕೇಜ್ ಸೇರಿಸದಿದ್ದರೆ ಸಬ್ಲೈಮ್ ಡೆಫಿನಿಷನ್ ಹುಡುಕುವುದು ಬರೀ ಹೆಸರು ನೋಡಿ. ಜಾಂಗೋ ಕೋಡಿನಲ್ಲಿ 'ಸೇವ್' ಅನ್ನುವ ಮೆಥಡ್ ಹತ್ತಾರು ಕ್ಲಾಸ್‌ಗಳಲ್ಲಿ ಇರುತ್ತದೆ. ಎಲ್ಲದರ ಪಟ್ಟಿ ಮುಂದಿಟ್ಟು ಆರಿಸಿಕೋ ಅನ್ನುತ್ತದೆ.

ವಿಮ್‌ನಲ್ಲಿ ಮೊದಲು ಸಿಟ್ಯಾಗ್ಸ್ ಅನ್ನುವ ಪ್ರೋಗ್ರಾಂ ಓಡಿಸಿ, ಯಾವ ಹೆಸರು ಎಲ್ಲಿದೆ ಅಂತ ಹೇಳುವ ಟ್ಯಾಗ್ಸ್ ಫೈಲ್ ಮಾಡಿಕೊಳ್ಳಬೇಕು. ಹೊಸ ಫಂಕ್ಷನ್ ಬರೆದ ಮೇಲೆ ಮತ್ತೆ ಓಡಿಸಬೇಕು. ಇಷ್ಟು ಮಾಡಿದರೆ ಹೋಗಲು ಕಂಟ್ರೋಲ್ ಮತ್ತು ಬಲ ಚೌಕ ಬ್ರಾಕೆಟ್, ಬರಲು ಕಂಟ್ರೋಲ್ ಟಿ. ಈ ಕಂಟ್ರೋಲ್ ಟಿ ನನಗೆ ಎಲ್ಲಕ್ಕಿಂತ ಇಷ್ಟ. ಬಿಲ್ ಮಾಡುವ ಫಂಕ್ಷನ್‌ನಿಂದ ಜಿಎಸ್‌ಟಿ ಲೆಕ್ಕಕ್ಕೆ ಹೋದೆ ಅಂತಿಟ್ಟುಕೊಳ್ಳಿ. ಅಲ್ಲಿ ನಾಲ್ಕಾರು ಪದ ಹುಡುಕಾಡಿದೆ. ಅಲ್ಲಿಂದ ಪೈಸೆ ರೌಂಡ್ ಮಾಡುವ ಫಂಕ್ಷನ್‌ಗೆ ಹೋದೆ. ಈಗ ಒಂದು ಸಲ ಕಂಟ್ರೋಲ್ ಟಿ ಒತ್ತಿದರೆ ಜಿಎಸ್‌ಟಿ, ಇನ್ನೊಂದು ಸಲ ಒತ್ತಿದರೆ ಬಿಲ್. ನಡುವಿನ ಹುಡುಕಾಟ ಅಡ್ಡ ಬರಲ್ಲ, ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ಮೇಲಿನಿಂದ ತೆಗೆದ ಹಾಗೆ. ಆ ಹುಡುಕಾಟದ ಜಾಗಗಳೂ ಬೇಕಿದ್ದರೆ ಕಂಟ್ರೋಲ್ ಓ ಬೇರೆಯಾಗೇ ಇದೆ. ಎರಡು ನೆನಪುಗಳನ್ನು ಹೀಗೆ ಬೇರೆ ಇಟ್ಟಿರುವುದರಿಂದ, ಆಳಕ್ಕೆ ಇಳಿದು ಓದುವಾಗ ತಲೆ ಹಗುರವಾಗಿರುತ್ತದೆ.

ಟ್ಯಾಗ್ಸ್ ಕೂಡ ಹೆಸರನ್ನಷ್ಟೇ ನೋಡುತ್ತದೆ, 'ಸೇವ್' ತಾಪತ್ರಯ ಇಲ್ಲೂ ಉಂಟು. ಅದಕ್ಕೇ ನಾನು ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ಗೆ ಬಂದೆ. ಮೈಕ್ರೋಸಾಫ್ಟ್ ತನ್ನ ವಿಎಸ್ ಕೋಡ್‌ಗಾಗಿ ರೂಪಿಸಿದ, ಕೋಡನ್ನು ಅರ್ಥಮಾಡಿಕೊಳ್ಳುವ ಪ್ರೋಗ್ರಾಂ (ಲ್ಯಾಂಗ್ವೇಜ್ ಸರ್ವರ್) ಜೊತೆ ಎಡಿಟರ್ ಮಾತಾಡುವ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೊಟೋಕಾಲ್ ಅನ್ನು 2016ರಲ್ಲಿ ಎಲ್ಲರಿಗೂ ತೆರೆಯಿತು. ನಿಯೋವಿಮ್ ಅದನ್ನು 2021ರ 0.5 ಆವೃತ್ತಿಯಿಂದ ಒಳಗೇ ಇಟ್ಟುಕೊಂಡಿದೆ. ಈಗ ಲ್ಯಾಂಗ್ವೇಜ್ ಸರ್ವರ್ ಜೋಡಿಸಿದರೆ ಹಳೆಯ ಕೀಗಳೇ ಸಾಕು. ಯಾವ ಕ್ಲಾಸಿನ 'ಸೇವ್' ಅಂತ ಹೆಚ್ಚಿನ ಸಲ ಸರಿಯಾಗಿ ಗೊತ್ತಾಗುತ್ತದೆ, ಕಂಟ್ರೋಲ್ ಟಿ ಕೂಡ ಕೈ ಬಿಡಲ್ಲ.

ಒಂದು ಕಡೆ ಮಾತ್ರ ವಿಎಸ್ ಕೋಡ್‌ಗೇ ನನ್ನ ಓಟು. ನಮ್ಮ ಬಿಲ್ಲುಗಳಲ್ಲಿ ಕನ್ನಡ, ಮರಾಠಿ ಎರಡೂ ಬರುತ್ತವೆ. ಕೀಬೋರ್ಡ್ ಕನ್ನಡಕ್ಕೆ ತಿರುಗಿಸಿದ್ದಾಗ ಟೈಪ್ ಮಾಡದೆ ಕಮಾಂಡ್ ಕೊಡುವ ವಿಮ್‌ನ ನಾರ್ಮಲ್ ಮೋಡ್‌ಗೆ ಅದರ ಅಕ್ಷರದ ಕಮಾಂಡ್‌ಗಳು ತಿಳಿಯಲ್ಲ, ಪ್ರತಿ ಸಲ ಇಂಗ್ಲಿಷ್‌ಗೆ ಬದಲಿಸಿಕೊಳ್ಳಬೇಕು. ಎಫ್12ಗೆ ಭಾಷೆಯ ಹಂಗಿಲ್ಲ. ಹಾಗಾಗಿ ಬಿಲ್ಲಿನ ಪಠ್ಯ ತಿದ್ದುವ ದಿನ ವಿಎಸ್ ಕೋಡ್, ಲೆಕ್ಕದ ಕೋಡ್ ಓದುವ ದಿನ ನಿಯೋವಿಮ್. ಸಬ್ಲೈಮ್ ಅನ್ನು ಗ್ರಾಹಕರ ಹಳೆಯ ಯಂತ್ರದಲ್ಲಿ ಕೆಲಸ ಬಿದ್ದಾಗ ಮಾತ್ರ ತೆರೆಯುತ್ತೇನೆ.